ಸ್ನ್ಯಾಗ್ ಪುಸ್ತಕ

ಕೊಡೈಕಾನಲ್‌ನ ಸೆವೆನ್ ರೋಡ್ಸ್ ವೃತ್ತದ ಹತ್ತಿರ ಇರುವ ನಮ್ಮ ಅಂಗಡಿಯಲ್ಲಿ ಈಗ ನಡೆಯುವುದು ಹೆಚ್ಚಾಗಿ ಜೆರಾಕ್ಸ್, ಆಧಾರ್ ಪ್ರಿಂಟು, ಇ-ಪಾಸ್. 2024ರ ಮೇ ತಿಂಗಳಿಂದ ಬೆಟ್ಟ ಹತ್ತುವ ಪ್ರವಾಸಿ ಗಾಡಿಗಳಿಗೆ ಪಾಸ್ ಕಡ್ಡಾಯ. ವತ್ತಲಗುಂಡಿನ ತನಕ ಬಂದ ಮೇಲೆ ನೆನಪಾದವರು ಫೋನ್ ಮಾಡುತ್ತಾರೆ, ನಾನು ಪಾಸ್ ತೆಗೆದು ವಾಟ್ಸಾಪ್ ಮಾಡುತ್ತೇನೆ. ಅದೇ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಮೂರು ಉದ್ದನೆಯ ನೋಟ್‌ಬುಕ್ಕುಗಳಿವೆ. ಮೊದಲನೆಯದರ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಸ್ನ್ಯಾಗ್’ ಎಂದು ಬರೆದಿದೆ. ಹದಿನೈದು ವರ್ಷ ಈ ಅಂಗಡಿಯಲ್ಲಿ ಕೂತು ಕಂಪ್ಯೂಟರಿನೊಳಗೆ ಯುದ್ಧವಿಮಾನ ಹಾರಿಸಿದವರ ತಕರಾರುಗಳೆಲ್ಲ ಅವುಗಳಲ್ಲಿವೆ, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ.

ನಾನು ಕೊಳ್ಳೇಗಾಲದವನು. 1998ರಲ್ಲಿ ಇಲ್ಲಿಯ ಹೋಟೆಲುಗಳ ಬಿಲ್ಲಿಂಗ್ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಬಂದವನು ಇಲ್ಲೇ ಉಳಿದೆ. ಸೀಸನ್ ಮುಗಿದರೆ ಹೋಟೆಲು ಖಾಲಿ, ಕೆಲಸವೂ ಖಾಲಿ. ಹಾಗಾಗಿ ನಾಲ್ಕು ಸಿಸ್ಟಮ್ ಹಾಕಿ ಬ್ರೌಸಿಂಗ್ ಸೆಂಟರ್ ತೆರೆದೆ. ಸಹಾಯಕ್ಕೆ ಸಿಕ್ಕಿದ ಹುಡುಗ ಕಂಬಂ ಕಣಿವೆಯವನು, ಅಪ್ಪನದು ದ್ರಾಕ್ಷಿ ತೋಟ. ಎರಡು ದಿನ ಅವನೊಂದಿಗೆ ಹರಕು ಮುರುಕು ತಮಿಳಿನಲ್ಲಿ ಒದ್ದಾಡಿದೆ. ಮೂರನೆಯ ದಿನ ಅವನು ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುವಾಗ ಕಿವಿ ನೆಟ್ಟಗಾಯಿತು: ಅದು ಕನ್ನಡ! ತೇನಿ, ಕಂಬಂ, ದಿಂಡಿಗಲ್ ಕಡೆಯ ಕಪ್ಪಿಲಿಯರ್ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು ಎಂದು ನನಗೆ ಗೊತ್ತಾದದ್ದು ಅವತ್ತು. ಓದಲು ಬರೆಯಲು ಅವನಿಗೆ ತಮಿಳೇ. ಪುಸ್ತಕದ ತಮಿಳು ಅಕ್ಷರವೆಲ್ಲ ಅವನದು. ಎಷ್ಟೋ ಕಡೆ ಅಕ್ಷರ ತಮಿಳು, ಮಾತು ಕನ್ನಡ.

1999ರ ಬೇಸಿಗೆಯಲ್ಲಿ ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ ‘ಫಾಲ್ಕನ್ 4.0’ ತಂದ. ಸಿ.ಡಿ. ಒಂದೇ, ಅದರ ಜೊತೆಗಿದ್ದ ಕೈಪಿಡಿ ಮಾತ್ರ ಐನೂರು ಪುಟ ದಾಟಿದ್ದು, ರಿಂಗ್ ಫೈಲಿಗೆ ಹಾಕಿದ್ದು. ಎಫ್-16 ವಿಮಾನವನ್ನು ಕೊರಿಯಾದ ಮೇಲೆ ಹಾರಿಸುವ ಆಟ ಅದು. ಆಟ ಎನ್ನುವುದಕ್ಕೂ ನಾಚಿಕೆಯಾಗುತ್ತದೆ, ರೇಡಾರ್ ಒಂದನ್ನು ಕಲಿಯಲು ನಮಗೆ ವಾರ ಹಿಡಿಯಿತು. ಹಾರುತ್ತ ಹಾರುತ್ತ ಪರದೆ ಕಪ್ಪಾಗಿ ವಿಂಡೋಸ್ ಮುಖ ತೋರಿಸುವುದು ಅದರ ಚಾಳಿ. ಕಂಪನಿ ಒಂದಾದ ಮೇಲೊಂದು ಪ್ಯಾಚ್ ಬಿಟ್ಟಿತು, ಡಯಲ್‌ಅಪ್‌ನಲ್ಲಿ ಅದನ್ನು ಇಳಿಸಲು ರಾತ್ರಿಯಿಡೀ ಎದ್ದಿರಬೇಕಿತ್ತು. ನನಗದು ಹೊಸದಲ್ಲ. ಡಾಸ್ ಕಾಲದಲ್ಲಿ ಇದರ ಅಣ್ಣ ‘ಫಾಲ್ಕನ್ 3.0’ ಓಡಬೇಕಾದರೆ 640 ಕೆ.ಬಿ. ಮೆಮೊರಿಯಲ್ಲಿ ಸುಮಾರು 600 ಕೆ.ಬಿ. ಬಿಡುವು ಮಾಡಿಕೊಡಬೇಕಿತ್ತು. ಕಾನ್ಫಿಗ್.ಸಿಸ್ ಫೈಲಿನಲ್ಲಿ ಒಂದೊಂದೇ ಸಾಲು ಅಳಿಸಿ, ಮತ್ತೆ ಸ್ಟಾರ್ಟ್ ಮಾಡಿ, ಮತ್ತೆ ಎಣಿಸಿ... ಬೆಳಗಾಗುವ ಹೊತ್ತಿಗೆ ವಿಮಾನ ನೆಲ ಬಿಡುತ್ತಿತ್ತು. ರಿಪೇರಿ ಕಲಿತದ್ದೇ ಹಾಗೆ.

ಆದರೆ ಆ ಕಲಿಕೆಯಲ್ಲೊಂದು ಊನವಿತ್ತು. ನಮಗೆ ಯಂತ್ರದ ಮೇಲೆ ಮಾತ್ರ ಅನುಮಾನ. ಅದನ್ನು ತಿದ್ದಿದವರು ವಾಯುಪಡೆಯಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರು. ಹಾಸನದ ಕಡೆಯವರು, ಪೈಲಟ್ ಅಲ್ಲ. ಹಂಟರ್, ಆಮೇಲೆ ಮಿಗ್-21 ವಿಮಾನಗಳ ಉಪಕರಣಗಳನ್ನು ರಿಪೇರಿ ಮಾಡಿದವರು. ಮಗಳು ಇಲ್ಲಿ ಟೀಚರ್ ಆಗಿದ್ದರಿಂದ ಬೆಟ್ಟಕ್ಕೆ ಬಂದಿದ್ದರು. ಇ-ಮೇಲ್ ನೋಡಲು ಬರುವರು, ಸ್ವೆಟರಿನ ಮೇಲೊಂದು ಮಫ್ಲರ್ ಸುತ್ತಿ.

ಆಗ ‘ಇಲ್-2 ಸ್ಟುರ್ಮೊವಿಕ್’ ಬಂದು ಆರೇಳು ತಿಂಗಳಾಗಿತ್ತು. 2001ರ ಕೊನೆಗೆ ಬಂದ ಆ ಆಟದಲ್ಲಿ ಎರಡನೆಯ ಮಹಾಯುದ್ಧದ ವಿಮಾನಗಳು. ಜರ್ಮನಿಯ ಫೋಕೆವುಲ್ಫ್ 190 ಹಾರಿಸುತ್ತಿದ್ದ ಕಾಲೇಜು ಹುಡುಗನೊಬ್ಬ ಜಾಯ್‌ಸ್ಟಿಕ್ ಮೇಜಿಗೆ ಕುಕ್ಕಿದ: “ಸ್ಟಿಕ್ ಹಾಳಾಗಿದೆ. ಎಳೆದರೆ ಸಾಕು, ವಿಮಾನ ಎಡಕ್ಕೆ ಮಗುಚಿಕೊಂಡು ಬೀಳುತ್ತೆ.” ನಾನು ಸ್ಟಿಕ್ ಬಿಚ್ಚಿದೆ, ಒರೆಸಿದೆ, ಮುಚ್ಚಿದೆ. ಮತ್ತೆ ಬಿತ್ತು. ಡ್ರೈವರ್ ತೆಗೆದು ಹಾಕಿದೆ. ಮತ್ತೆ ಬಿತ್ತು. ಹಿಂದೆ ನಿಂತಿದ್ದ ಹಿರಿಯರು ಮೆಲ್ಲಗೆ ಕೇಳಿದರು: “ಎಳೆಯುವಾಗ ವೇಗ ಎಷ್ಟಿತ್ತಪ್ಪ?” ಹುಡುಗ ತಬ್ಬಿಬ್ಬಾದ. ಮತ್ತೆ ಹಾರಿಸಿ ನೋಡಿದರೆ ಗಂಟೆಗೆ 250 ಕಿ.ಮೀ. ಆಸುಪಾಸು. ಅಷ್ಟು ನಿಧಾನದಲ್ಲಿ ಅಷ್ಟು ಬಿಗಿಯಾಗಿ ಎಳೆದರೆ ಆ ವಿಮಾನದ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ, ಒಂದು ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಆ ಕಡೆಗೆ ಮಗುಚುತ್ತದೆ. ನಿಜವಾದ ಫೋಕೆವುಲ್ಫ್ ಕೂಡ ಇದಕ್ಕೇ ಹೆಸರಾದದ್ದು. ಸ್ಟಿಕ್ ಸರಿಯಾಗಿತ್ತು, ಕೈ ತಪ್ಪಿತ್ತು.

ಅದೇ ವಾರ ಇದರ ತಿರುವುಮುರುವು ನಡೆಯಿತು. ನಮ್ಮ ಕಂಬಂ ಹುಡುಗ ಗುರಿ ಹಿಡಿಯಲಾಗದೆ ಸೊರಗಿಹೋಗಿದ್ದ. “ನನ್ನ ಕೈಯೇ ಸರಿಯಿಲ್ಲ ಅಣ್ಣ, ಮೂಗು ಅಲ್ಲಾಡ್ತದೆ” ಎಂದ. ಹಿರಿಯರು ಅವನನ್ನು ಸ್ಟಿಕ್‌ನಿಂದ ಕೈ ತೆಗೆಯಲು ಹೇಳಿದರು. ವಿಂಡೋಸ್‌ನ ಜಾಯ್‌ಸ್ಟಿಕ್ ಪರೀಕ್ಷೆಯ ಕಿಟಕಿ ತೆರೆದೆವು. ಅದರಲ್ಲೊಂದು ಚೌಕ, ಚೌಕದಲ್ಲೊಂದು ಕೂಡಿಸುವ ಚಿಹ್ನೆ, ಪಕ್ಕದಲ್ಲಿ ಹಿಡಿಯ ತಿರುಚುವಿಕೆಗೆ ಒಂದು ಪಟ್ಟಿ. ಯಾರೂ ಮುಟ್ಟದೆ ಇದ್ದರೂ ಆ ಪಟ್ಟಿ ಕುಣಿಯುತ್ತಿತ್ತು. ಬಿಚ್ಚಿದರೆ ಕಾರಣ ಸಿಕ್ಕಿತು: ತಿರುಚುವ ಹಿಡಿಯ ಬುಡದಲ್ಲಿರುವ ಪಾಟ್. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದಲ್ಲ, ಅದೇ ಭಾಗ. ಕಾರ್ಬನ್ ಪಟ್ಟಿಯ ಮೇಲೆ ಕೊಳೆ ಕೂತು, ಸವೆದು, ರೇಡಿಯೋ ಕರಕರ ಎನ್ನುವ ಬದಲು ವಿಮಾನ ನಡುಗುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಸಲ ಆಚೀಚೆ ತಿರುಗಿಸಿದೆವು. ಪಟ್ಟಿ ನಿಂತಿತು. ಹುಡುಗನ ಮುಖ ಅರಳಿತು.

ಹಿರಿಯರು ಅವತ್ತೇ ನೋಟ್‌ಬುಕ್ ತರಿಸಿದರು. ವಾಯುಪಡೆಯಲ್ಲಿ ಪ್ರತಿ ವಿಮಾನಕ್ಕೂ ಫಾರ್ಮ್ 700 ಎಂಬ ದಾಖಲೆ ಇರುತ್ತದೆ. ಪೈಲಟ್ ಇಳಿದು ಬಂದು ಅದರಲ್ಲಿ ತಕರಾರು ಬರೆಯುತ್ತಾನೆ, ಅದಕ್ಕೆ ಸ್ನ್ಯಾಗ್ ಎನ್ನುತ್ತಾರೆ. “ಪೈಲಟ್ಟು ತಾನು ಕಂಡದ್ದು ಬರೀಬೇಕು, ತನ್ನ ಊಹೆ ಬರೀಬಾರದು. ‘ಮೀಟರ್ ಕೆಟ್ಟಿದೆ’ ಅಂತ ಬರೆದರೆ ನಾನು ಮೀಟರ್ ಬದಲಾಯಿಸಿ ಮಲಗಿಬಿಡ್ತೀನಿ. ‘ಐದು ಸಾವಿರ ಅಡಿ ಮೇಲೆ ಮುಳ್ಳು ಅಂಟಿಕೊಳ್ತು’ ಅಂತ ಬರೆದರೆ ಹುಡುಕ್ತೀನಿ” ಎಂದರು. ಪುಟಕ್ಕೆ ಮೂರು ಗೆರೆ ಎಳೆದರು: ಏನು ಕಂಡಿತು, ಏನು ಬದಲಾಯಿಸಿದೆವು, ಆಮೇಲೆ ಏನಾಯಿತು. ಒಂದು ಸಲಕ್ಕೆ ಬದಲಾಯಿಸುವುದು ಒಂದನ್ನೇ. ಎರಡು ಬದಲಾಯಿಸಿದರೆ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ.

ಈ ನಿಯಮ ನನಗೆ ಎಷ್ಟು ಬೇಕಾಗಿತ್ತು ಎನ್ನುವುದಕ್ಕೆ ಪುಸ್ತಕದ ಆರನೆಯ ಪುಟವೇ ಸಾಕ್ಷಿ. ಎರಡನೆಯ ನಂಬರಿನ ಸಿಸ್ಟಮ್ ಕಾಳಗ ಜೋರಾದಾಗಲೆಲ್ಲ ಹ್ಯಾಂಗ್ ಆಗುತ್ತಿತ್ತು. ನಾನು ಮೂರು ಸಲ ಫಾರ್ಮ್ಯಾಟ್ ಹೊಡೆದಿದ್ದೆ, ಗಿರಾಕಿಯೊಬ್ಬರು ಅದರಲ್ಲಿಟ್ಟಿದ್ದ ಪತ್ರಗಳೂ ಅದರೊಂದಿಗೆ ಹೋದವು. ಹಿರಿಯರು ಬರೆಸಿದ್ದು: ‘ವಿಮಾನ ನಾಲ್ಕಕ್ಕಿಂತ ಹೆಚ್ಚಾದರೆ ಮಾತ್ರ ನಿಲ್ಲುತ್ತದೆ. ಟೈಪಿಂಗ್‌ನಲ್ಲಿ ನಿಲ್ಲುವುದಿಲ್ಲ.’ ಎಂದರೆ ಭಾರ ಬಿದ್ದಾಗ ಮಾತ್ರ ಸೋಲುವ ಭಾಗ ಯಾವುದು? ಕರೆಂಟು ಒದಗಿಸುವ ಎಸ್.ಎಂ.ಪಿ.ಎಸ್. ಬದಲಾಯಿಸಿದೆವು, ಹ್ಯಾಂಗ್ ಆಗುವುದು ನಿಂತುಹೋಯಿತು. ಹಳೆಯದನ್ನು ಬಿಚ್ಚಿದರೆ ಕೆಪ್ಯಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿದ್ದವು. ತಮಿಳರ ಐಪ್ಪಸಿ ತಿಂಗಳ ಗುಡುಗು ಮಳೆಯಲ್ಲಿ ಕರೆಂಟು ಹೋಗಿ ಬಂದು ಮಾಡಿದ ಕೆಲಸ.

ಈ ಬೆಟ್ಟದ್ದೇ ಆದ ಇನ್ನೊಂದು ರೋಗವಿತ್ತು. ಸುಮಾರು 2,100 ಮೀಟರ್ ಎತ್ತರದ ಊರು, ಮಧ್ಯಾಹ್ನವೇ ಮಂಜು ಬಾಗಿಲು ದಾಟಿ ಒಳಗೆ ಬರುತ್ತದೆ. ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದರೆ ಪರದೆ ಬರದೆ ಬೀಪ್ ಬೀಪ್. ಮದ್ದು ಶಾಲಾಮಕ್ಕಳ ಜಾಮೆಟ್ರಿ ಬಾಕ್ಸಿನಲ್ಲಿತ್ತು: ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸುವುದು. ಪುಸ್ತಕದಲ್ಲಿ ‘ರಬ್ಬರ್’ ಎಂಬ ಒಂದೇ ಪದದ ಉತ್ತರ ನಲವತ್ತು ಕಡೆಯಾದರೂ ಇದೆ.

ಮೆಲ್ಲಗೆ ಪುಸ್ತಕಕ್ಕೆ ಸೋಲುಗಳೂ ಬಂದವು. ನಾಲ್ಕು ಸಿಸ್ಟಮ್‌ಗಳಿಗೆ ಲ್ಯಾನ್ ಎಳೆದು ಇಬ್ಬರಿಬ್ಬರನ್ನು ಕಾದಾಡಿಸುತ್ತಿದ್ದೆವು. ಸೋತವನು ‘ಅವನು ಮೋಸ ಮಾಡಿದ’ ಎಂದು ಬರೆಯುವಂತಿಲ್ಲ. ತನ್ನ ವೇಗ, ಎತ್ತರ, ಎದುರಾಳಿ ಕಣ್ಣಿಂದ ಮರೆಯಾದ ಗಳಿಗೆ ಬರೆಯಬೇಕು. ಅನುಮಾನ ಬಂದರೆ ಆಟವೇ ಮಾಡಿಟ್ಟ ರೆಕಾರ್ಡಿಂಗ್ ತಿರುಗಿಸಿ ನೋಡುವುದು. ನೂರಕ್ಕೆ ತೊಂಬತ್ತು ಪಾಲು ಒಂದೇ ಕಥೆ: ಎದುರಾಳಿಯ ಹಿಂದೆ ಬೀಳುವ ಆತುರದಲ್ಲಿ ಬಿಗಿಯಾಗಿ ತಿರುಗಿ, ವೇಗವೆಲ್ಲ ಖರ್ಚಾಗಿ, ಗಾಳಿಯಲ್ಲಿ ತೂಗಾಡುತ್ತ ನಿಂತಿರುತ್ತಿದ್ದರು.

ಎತ್ತರ ಮತ್ತು ವೇಗದ ಲೆಕ್ಕ ತಿಳಿಸಲು ಘಾಟಿಯ ತರಕಾರಿ ಲಾರಿಗಿಂತ ಒಳ್ಳೆಯ ಪಾಠ ಇರಲಿಲ್ಲ. ಕ್ಯಾರೆಟ್ ತುಂಬಿ ಮೇಲೆ ನಿಂತ ಲಾರಿಯ ಹತ್ತಿರ ಓಟ ಕೂಡಿಟ್ಟಿದೆ, ಇಳಿದರೆ ತಾನಾಗಿ ಕೈಗೆ ಬರುತ್ತದೆ. ಕೆಳಗಿನಿಂದ ಹತ್ತುವವನು ಪ್ರತಿ ತಿರುವಿನಲ್ಲೂ ತೆರಬೇಕು. ವಿಮಾನದಲ್ಲೂ ಎತ್ತರವೇ ಉಳಿತಾಯದ ದುಡ್ಡು. ಎದುರಾಳಿ ತಿರುಗುತ್ತಿದ್ದಾನೆ, ನೀನು ಅವನಿಗಿಂತ ವೇಗವಾಗಿದ್ದೀಯ, ಹಾಗೇ ಹೋದರೆ ಅವನನ್ನು ದಾಟಿ ಮುಂದೆ ಬಿದ್ದು ನೀನೇ ಗುರಿಯಾಗುತ್ತೀಯ. ಆಗ ಮೂಗನ್ನು ಮೇಲಕ್ಕೆತ್ತು. ಹೆಚ್ಚಿನ ವೇಗ ಎತ್ತರವಾಗುತ್ತದೆ. ಮೇಲಿನಿಂದ ಅವನ ತಿರುವಿನ ಒಳಗೆ ಇಳಿ. ಪೈಲಟ್ಟುಗಳು ಇದನ್ನು ಹೈ ಯೋ-ಯೋ ಎನ್ನುತ್ತಾರೆ. ಕಂಬಂ ಹುಡುಗನಿಗೆ ಇದು ಎಲ್ಲರಿಗಿಂತ ಬೇಗ ಹತ್ತಿತು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಬೇಕು ಎಂಬುದು 1916ರಲ್ಲಿ ಜರ್ಮನಿಯ ಓಸ್ವಾಲ್ಡ್ ಬೋಲ್ಕೆ ಬರೆದಿಟ್ಟ ನಿಯಮ. ಅದನ್ನು ಹಿರಿಯರು ಹೇಳಿದಾಗ ಅವನು, “ತೋಟಕ್ಕೆ ಗಿಳಿ ಬರೋದೂ ಹಂಗೇ ತಾತಾ, ಕಣ್ಣಿಗೆ ಬಿಸಿಲು ಹೊಡೆಯೋ ಕಡೆಯಿಂದ” ಎಂದ.

ಹಿರಿಯರು ಮತ್ತೆ ಮತ್ತೆ ಹೇಳುತ್ತಿದ್ದ ಕಥೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರದು. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿ. ದೇವಯ್ಯನವರದು ಮಿಸ್ಟೇರ್, ಬೆನ್ನಟ್ಟಿದ್ದು ಶಬ್ದದ ಎರಡರಷ್ಟು ವೇಗದ ಸ್ಟಾರ್‌ಫೈಟರ್. ಏಟು ತಿಂದ ಮೇಲೂ ದೇವಯ್ಯ ತಿರುಗಿ ಬಿದ್ದು ಅದನ್ನು ಹೊಡೆದುರುಳಿಸಿದರು. ಆ ಪೈಲಟ್ ಹಾರಿ ಉಳಿದುಕೊಂಡರು, ದೇವಯ್ಯ ಮರಳಲಿಲ್ಲ. ನಡೆದದ್ದು ಬೆಳಕಿಗೆ ಬರಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. “ಓಡೋ ವಿಮಾನ ಓಡಬೇಕು. ತಿರುಗೋ ವಿಮಾನದ ಜೊತೆ ತಿರುಗೋಕೆ ನಿಂತರೆ ತನ್ನ ಆಸ್ತೀನ ತಾನೇ ಬಿಟ್ಟುಕೊಟ್ಟ ಹಾಗೆ” ಎಂದು ಹಿರಿಯರು ಅದಕ್ಕೊಂದು ಟಿಪ್ಪಣಿ ಸೇರಿಸುವರು. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾಗುವರು.

2005ರ ನಂತರ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂತು, ಹೊರದೇಶದವರೊಂದಿಗೂ ಕಾದಾಡಿದೆವು. ಲೈನ್ ತಡವರಿಸಿ ನಮ್ಮ ವಿಮಾನ ಅವರ ಪರದೆಯಲ್ಲಿ ಕಪ್ಪೆಯ ಹಾಗೆ ನೆಗೆಯುತ್ತಿತ್ತಂತೆ. ತಲೆ ತಿರುಗಿಸಿದರೆ ನೋಟ ತಿರುಗುವ ಸಾಧನ ಕೊಳ್ಳಲು ಕಾಸಿರಲಿಲ್ಲ. ಟೋಪಿಗೆ ಮೂರು ಇನ್‌ಫ್ರಾರೆಡ್ ಎಲ್.ಇ.ಡಿ. ಹಚ್ಚಿ, ವೆಬ್‌ಕ್ಯಾಮ್ ಮುಂದೆ ಹಳೆಯ ಫ್ಲಾಪಿಯೊಳಗಿನ ಕಪ್ಪು ಹಾಳೆಯ ತುಂಡು ಅಂಟಿಸಿ ನಾವೇ ಮಾಡಿಕೊಂಡೆವು. ಆ ಹಾಳೆ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ ಮಾತ್ರ ಒಳಬಿಡುತ್ತದೆ. 2012ರ ಸುಮಾರಿಗೆ ತಮಿಳುನಾಡಿನ ಕರೆಂಟ್ ಕಡಿತ ಬಂದು ಇನ್ವರ್ಟರ್ ಬ್ಯಾಟರಿಗೇ ನಮ್ಮ ದುಡಿಮೆ ಹೋಯಿತು. ಆಮೇಲೆ ಎಲ್ಲರ ಜೇಬಿಗೂ ಫೋನ್ ಬಂತು, ಬ್ರೌಸಿಂಗ್ ಸೆಂಟರ್ ಎಂಬ ಕಸುಬೇ ಮುಗಿಯಿತು.

ಹಿರಿಯರು ಕೊನೆಯ ಸಲ ಬಂದದ್ದು 2015ರಲ್ಲಿ, ಕೋಲು ಊರಿಕೊಂಡು. ‘ಡಿ.ಸಿ.ಎಸ್. ವರ್ಲ್ಡ್’ ಆಟಕ್ಕೆ ಮಿಗ್-21 ಬಿಸ್ ಬಂದು ಆರು ತಿಂಗಳಾಗಿತ್ತು. ಕಾಕ್‌ಪಿಟ್ ತೆರೆದು ತೋರಿಸಿದೆ. ಆ ನೀಲಿಹಸಿರು ಬಣ್ಣ ಕಂಡದ್ದೇ ಅವರು ಪರದೆಯ ಹತ್ತಿರ ಬಾಗಿದರು. ಕಣ್ಣು ಹುಡುಕುವ ಮೊದಲೇ ಬೆರಳು ಬಲಗಡೆಯ ಸ್ವಿಚ್ಚುಗಳ ಸಾಲಿನ ಮೇಲೆ ಹೋಗಿ ನಿಂತಿತು. “ಇಲ್ಲಿ ಕೈ ತೂರಿಸೋಕೆ ಜಾಗವೇ ಇರ‍್ತಿರಲಿಲ್ಲ” ಎಂದು ಮೊಣಕೈ ಮೇಲಿನ ಹಳೆಯ ಗಾಯದ ಗೆರೆ ತೋರಿಸಿದರು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿದ್ದನ್ನು ನೋಡಲು ಅವರಿರಲಿಲ್ಲ.

ಈಗಿನ ಹುಡುಗರು ನಮಗಿಂತ ಚೆನ್ನಾಗಿ ಹಾರಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಪಾಟ್ ಹೋಗಿ ಅಯಸ್ಕಾಂತದ ಸೆನ್ಸರ್ ಬಂದಿದೆ, ಸವೆಯುವುದಿಲ್ಲ. ಪ್ಯಾಚ್ ತಾನಾಗಿ ಇಳಿಯುತ್ತದೆ, ಯಾವ ತಂತ್ರ ಬೇಕಾದರೂ ವೀಡಿಯೊದಲ್ಲಿದೆ. ಆದರೆ ಏನಾದರೂ ಕೆಟ್ಟರೆ ಉತ್ತರ ಮೊದಲೇ ಕೈಯಲ್ಲಿ ಹಿಡಿದು ಬರುತ್ತಾರೆ: “ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಬದಲಾಯಿಸಿ.” ಏನು ಕಂಡಿತು ಎಂದು ಕೇಳಿದರೆ ಮುಖ ನೋಡುತ್ತಾರೆ. ಕಂಬಂ ಹುಡುಗ ಈಗ ಬೆಂಗಳೂರಿನಲ್ಲಿ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಅವನ ಬ್ಯಾಗಿನಲ್ಲಿ ಮೂರು ಗೆರೆ ಎಳೆದ ನೋಟ್‌ಬುಕ್ ಇದೆ.

ಓದುಗರಲ್ಲಿ ನನ್ನದೊಂದೇ ವಿನಂತಿ. ಕಂಪ್ಯೂಟರೋ ಮಿಕ್ಸಿಯೋ ಸ್ಕೂಟರೋ ಕೆಟ್ಟು ನಮ್ಮಂಥವರ ಅಂಗಡಿಗೆ ಬಂದಾಗ ರೋಗದ ಹೆಸರು ಹೇಳಬೇಡಿ. ಯಾವಾಗ, ಏನು ಮಾಡುವಾಗ, ಏನು ಕಂಡಿತು, ಅಷ್ಟನ್ನು ಹೇಳಿ. ಹಾಗೆ ಹೇಳಿದವರ ಬಿಲ್ಲು ಅರ್ಧಕ್ಕೆ ಇಳಿದದ್ದನ್ನು ಈ ಪುಸ್ತಕದಲ್ಲೇ ತೋರಿಸಬಲ್ಲೆ.