ಅಜ್ಜನ ಕೋವಿ, ಗೆಳತಿಯ ಭುಜ

ಕೈಲ್‌ಪೊಳ್ದ್ ಹಬ್ಬಕ್ಕೆಂದು ನಾವು ಸಹಪಾಠಿಗಳು ವಿರಾಜಪೇಟೆ ಕಡೆಯ ಗೆಳತಿಯ ಮನೆಗೆ ಹೋಗಿದ್ದೆವು. ಕೊಡಗಿನಲ್ಲಿ ಗದ್ದೆ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಆಯುಧಪೂಜೆ ಅದು. ದೀಪದ ಮುಂದೆ ಕೋವಿ, ಕತ್ತಿ ಇಟ್ಟು, ನಳಿಗೆಯ ತುದಿಗೆ ತೋಕ್ ಪೂ ಸಿಕ್ಕಿಸಿದ್ದರು. ಕಡುಬು, ಹಂದಿ ಕರಿ ತಿಂದು ಮೈದಾನಕ್ಕೆ ಹೊರಟೆವು. ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಗೆಳತಿ ಮೊದಲ ಸಲ ಹೆಸರು ಕೊಟ್ಟಿದ್ದಳು.

ಕೋವಿ ಅವಳ ಅಜ್ಜನದು. 12 ಬೋರಿನ ಜೋಡು ನಳಿಗೆ. ಒಂದು ಕಾಲದಲ್ಲಿ ಅಜ್ಜ ಅದರಲ್ಲೇ ಕಾಡುಕೋಳಿ ಹೊಡೆದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಈಗ ಅದಕ್ಕೆ ಹಬ್ಬದ ಕಾಯಿಯೊಂದೇ ಗುರಿ.

ನಮ್ಮ ಗೆಳತಿ ಐದು ಅಡಿ ಇದ್ದಾಳೋ ಇಲ್ಲವೋ, ತೂಕ 45 ಕಿಲೋ. ಕೋವಿ ಎತ್ತಿದಾಗ ಬಟ್ಟು ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂತಿತು. ಕುತ್ತಿಗೆ ಚಾಚಿದರೂ ಕೆನ್ನೆ ಮರಕ್ಕೆ ತಾಗಲಿಲ್ಲ. ಈಡು ಹಾರಿತು, ಕಾಯಿ ಹಾಗೇ ಇತ್ತು, ಅವಳ ತೋಳು ಸಂಜೆಗೆ ನೀಲಿಯಾಯಿತು. "ಧೈರ್ಯ ಸಾಲದು" ಎಂದರು ಅಜ್ಜ. ನಿಜ ಹೇಳಬೇಕೆಂದರೆ ನಾವೂ ಹಾಗೇ ಅಂದುಕೊಂಡೆವು. ಅವಳು "ಇನ್ನು ಮುಟ್ಟಲ್ಲ ಕಣ್ರೇ" ಅಂದುಬಿಟ್ಟಳು.

ಎರಡು ದಿನ ಬಿಟ್ಟು ಪೇಟೆಯ ಕೋವಿ ಅಂಗಡಿಗೆ ಹೋದೆವು. ಅವಳಿಗೊಂದು ಸಣ್ಣ 20 ಬೋರ್ ಕೋವಿ ಕೊಡಿಸೋಣ ಎಂಬುದು ನಮ್ಮ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು ಎಂದು ಗೊತ್ತಾದದ್ದೇ ಅಲ್ಲಿ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ, ಅದರಲ್ಲೊಂದರ ದಪ್ಪವೇ 12 ಬೋರ್ ನಳಿಗೆಯ ಒಳಗಿನ ಅಳತೆ. 20 ಮಾಡಿದರೆ ಗುಂಡು ಇನ್ನೂ ಸಣ್ಣದು.

"ಮನೇಲಿ 12 ಇದೆಯಲ್ವಾ? ಹಾಗಾದ್ರೆ 20 ಬೇಡ" ಎಂದರು ಅಂಗಡಿಯವರು. 20ರ ತೋಟಾ ತಪ್ಪಿ 12ರ ಕೋವಿಗೆ ಬಿದ್ದರೆ ಮುಂದಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿ ಇದೆ ಎಂದು ಹಿಂದಿನಿಂದ 12ರ ತೋಟಾ ತುಂಬಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಕೇಳಿ ನಮ್ಮ ಬಾಯಿ ಕಟ್ಟಿತು. ಹಗುರ ಕೋವಿ ಆದರೆ ಸಾಕು ಎಂಬುದೂ ತಪ್ಪಂತೆ. ಒಂದೇ ತೋಟಾಕ್ಕೆ ಹಗುರ ಕೋವಿ ಹೆಚ್ಚು ಒದೆಯುತ್ತದೆ, ಭಾರದ್ದು ಕಡಿಮೆ.

ಆಮೇಲೆ ಅವರು ಗೆಳತಿಯ ಮೊಣಕೈ ಮಡಿಸಿ, ಖಾಲಿ ಕೋವಿಯ ಬಟ್ಟನ್ನು ತೋಳಿನ ಮಡಿಕೆಗೆ ಇಟ್ಟರು. ಬೆರಳು ಟ್ರಿಗರ್‌ಗೆ ಸಲೀಸಾಗಿ ಮುಟ್ಟಬೇಕು. ಎರಡು ಬೆರಳಗಲ ದೂರ ಉಳಿಯಿತು. ಧೈರ್ಯದ ಮಾತೇ ಅಲ್ಲ, ಅಳತೆಯ ಮಾತು. ಹಿಂದಿನ ಮರ ಒಂದೂವರೆ ಇಂಚು ಕತ್ತರಿಸಿ, ರಬ್ಬರ್ ಪ್ಯಾಡ್ ಹಾಕಿ, ಕಡಿಮೆ ಚರೆಯ ತೋಟಾ ಬಳಸಿದರೆ ಸಾಕು ಎಂದರು. ಕತ್ತರಿಸುವುದು ಮರ ಮಾತ್ರ. ನಳಿಗೆ ಮೊಟಕು ಮಾಡುವುದು ಅಪರಾಧ. (ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆ. ನಮ್ಮಂಥವರಿಗೆ 21 ವರ್ಷ ತುಂಬಿ ಲೈಸೆನ್ಸ್ ಸಿಗದೆ ಕೋವಿ ಇಲ್ಲ.)

ಅಜ್ಜನಿಗೆ ಹೇಳುವುದೇ ಕಷ್ಟವಾಯಿತು. ಅವರ ಕೆನ್ನೆ ಉಜ್ಜಿ ಉಜ್ಜಿ ನುಣುಪಾದ ಮರ ಅದು. "ಅಪ್ಪ ಕೊಟ್ಟದ್ದು" ಎಂದು ಎದ್ದು ಹೋದರು. ರಾತ್ರಿ ಊಟಕ್ಕೂ ಮಾತಿಲ್ಲ. ನಾವು ಬಸ್ ಹತ್ತುವ ಬೆಳಿಗ್ಗೆ ಮೊಮ್ಮಗಳ ತೋಳಿನ ಕಲೆ ನೋಡಿ, ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದರು. "ಕತ್ತರಿಸಿದ ತುಂಡು ಎಸೆಯೋದು ಬೇಡ, ನನಗೆ ಬೇಕು."

ಮರುವರ್ಷ ಗೆಳತಿ ಎರಡನೇ ಈಡಿಗೆ ಕಾಯಿ ಒಡೆದಳು. ಅಜ್ಜನೂ ಅದೇ ಕೋವಿ ಎತ್ತಿ ಹೊಡೆದರು. ಬಟ್ಟು ಗಿಡ್ಡವಾಗಿತ್ತಲ್ಲ, ಅವರದೇ ಹೆಬ್ಬೆರಳು ಅವರ ಮೂಗಿಗೆ ಬಡಿಯಿತು. ಆ ಮರದ ತುಂಡು ಈಗಲೂ ದೀಪದ ಪಕ್ಕದಲ್ಲಿದೆ.