ಮಾತು ಕೇಳದ ಬಲಗೈ

ಆವಣಿ ಜಾತ್ರೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವವನು ಒಂದೋ ಹೊಸಬ, ಇಲ್ಲವೇ ಸಾಲದಲ್ಲಿರುವವನು. ಬಲ್ಲವರ ವ್ಯಾಪಾರವೆಲ್ಲ ಟವೆಲಿನ ಕೆಳಗೆ. ದಲ್ಲಾಳಿಯ ಅಂಗೈಯಲ್ಲಿ ಬೆರಳು ಅದುಮಿದರೆ ಅದೇ ಬೆಲೆ. ಮುಖದ ಮೇಲೆ ಮಾತ್ರ ಮಳೆಬೆಳೆಯ ಚಿಂತೆ. ಶ್ರೀನಿವಾಸಪುರದ ಕಡೆಯ ನಮ್ಮ ದೊಡ್ಡಪ್ಪ ಈ ವಿದ್ಯೆಯಲ್ಲಿ ಪಳಗಿದವರು. ಅಂಥವರೂ ಒಂದು ವರ್ಷ ಮನಸ್ಸೊಪ್ಪದ ಬೆಲೆಗೆ ಜೋಡಿ ಎತ್ತು ಹಿಡಿದುಕೊಂಡು ಬಂದರು. ಅವರು ಸುಮ್ಮನೆ ಕಾಯುತ್ತಿದ್ದರಂತೆ. ಬೆರಳುಗಳು ಮಾತ್ರ ಕಾಯಲಿಲ್ಲ. ಟವೆಲಿನ ಕತ್ತಲಲ್ಲಿ ಹೆಬ್ಬೆರಳು ತೋರುಬೆರಳನ್ನು ತನ್ನ ಪಾಡಿಗೆ ಉಜ್ಜತೊಡಗಿತ್ತು, ದಲ್ಲಾಳಿ ಅದನ್ನು ಬೆಲೆ ಏರಿಸಿದ್ದೆಂದೇ ಓದಿಕೊಂಡ. “ನಾನು ಹೇಳ್ಲಿಲ್ಲ ಕಣಪ್ಪ, ಕೈ ಹೇಳ್ಬಿಡ್ತು” ಎಂದು ಮನೆಗೆ ಬಂದು ನಕ್ಕರು. ಎತ್ತುಗಳು ಒಳ್ಳೆಯವೇ ಆಗಿದ್ದವು, ಅದೊಂದು ಪುಣ್ಯ.

ಕೈಗೆ ಹಾಗೆ ಹೇಳಿಸಿದ್ದು ಒಂದು ಕಾಯಿಲೆಯ ನಡುಕ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ 1817ರಲ್ಲೇ ಅದನ್ನು ವಿವರಿಸಿ ಬರೆದಿದ್ದ. ನಮ್ಮ ಪಂಡಿತರು ಕಂಪವಾತ ಎನ್ನುತ್ತಿದ್ದರು. ಇದರ ಸ್ವಭಾವವೇ ವಿಚಿತ್ರ. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗುತ್ತದೆ, ಕೆಲಸಕ್ಕೆ ಹೋದ ಕೈ ಬಹುಮಟ್ಟಿಗೆ ತೆಪ್ಪಗಾಗುತ್ತದೆ. ಜಗಲಿಯಲ್ಲಿ ಕುಳಿತಾಗ ಕುಣಿಯುತ್ತಿದ್ದ ದೊಡ್ಡಪ್ಪನ ಬಲಗೈ, ಊಟಕ್ಕೆ ಕೂತು ಮುದ್ದೆ ಮುರಿದು ಸಾರಿಗೆ ಅದ್ದುವಾಗ ಹದಿನೆಂಟರ ಕೈಯಾಗಿಬಿಡುತ್ತಿತ್ತು. “ಊಟಕ್ಕಾದರೆ ನೆಟ್ಟಗಿರುತ್ತೆ, ನೀರು ಸೇದೋಕೆ ಹೇಳಿದರೆ ನಡುಗುತ್ತೆ” ಎಂದು ದೊಡ್ಡಮ್ಮ ಮೊದಮೊದಲು ಅನುಮಾನಪಟ್ಟದ್ದರಲ್ಲಿ ತಪ್ಪೇನಿಲ್ಲ.

ಆಮೇಲೆ ಬೆಂಗಳೂರಿನ ನರರೋಗ ತಜ್ಞರೊಬ್ಬರು ಬಿಡಿಸಿ ಹೇಳಿದರು. ಬಲಗೈಯನ್ನು ಆಳುವುದು ಮೆದುಳಿನ ಎಡಭಾಗ. ಅಪ್ಪಣೆ ಕೆಳಗಿಳಿಯುವಾಗ ಕತ್ತಿನ ಹತ್ತಿರ ಎಡದಿಂದ ಬಲಕ್ಕೆ ದಾಟಿ, ಮೆದುಳುಬಳ್ಳಿ ಹಿಡಿದು, ಸ್ನಾಯುವಿಗೆ ಬರುತ್ತದೆ. ಆದರೆ ಯಾವ ಚಲನೆ ಈಗ ಹೊರಡಬೇಕು, ಯಾವುದು ನಿಲ್ಲಬೇಕು ಎಂಬುದು ತೀರ್ಮಾನವಾಗುವಲ್ಲಿ ಮೆದುಳಿನ ಆಳದ ಕೆಲವು ನರಕೋಶದ ಗಂಟುಗಳ ಪಾತ್ರ ದೊಡ್ಡದು. ಅವಕ್ಕೆ ಡೋಪಮೈನ್ ಎಂಬ ರಾಸಾಯನಿಕ ಒದಗಿಸುವ ಕಪ್ಪುಬಣ್ಣದ ಒಂದು ಪುಟ್ಟ ಭಾಗದ ಕೋಶಗಳು ಸಾಯುತ್ತ ಬಂದಾಗ ಈ ಕಾಯಿಲೆ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಹೋಗಿರುತ್ತದಂತೆ. ಅಷ್ಟು ವರ್ಷ ಉಳಿದ ಕೋಶಗಳು ಯಾರಿಗೂ ಹೇಳದೆ ಸತ್ತವುಗಳ ಪಾಲಿನ ಕೆಲಸವನ್ನೂ ಮಾಡಿಕೊಂಡಿದ್ದವಲ್ಲ ಎಂದು ನನಗೆ ಸಂಕಟವಾಯಿತು.

ಕೈಯ ನಂತರ ಕಾಲಿನ ಸರದಿ. ನಡೆಯುತ್ತ ನಡೆಯುತ್ತ ದೊಡ್ಡಪ್ಪ ಅಂಗಳದ ನಡುವೆ ತಟ್ಟನೆ ನಿಂತುಬಿಡುತ್ತಿದ್ದರು; ಪಾದ ನೆಲಕ್ಕೆ ಅಂಟಿದಂತೆ. ನಮ್ಮ ಸೀಮೆಯವರು ದೇವರನ್ನು ಬೇಡುವುದು ಕನ್ನಡದಲ್ಲಾದರೂ ಎತ್ತನ್ನು ಬೈಯುವುದು ತೆಲುಗಿನಲ್ಲಿ. ದೊಡ್ಡಪ್ಪ ತಮ್ಮ ಕಾಲನ್ನೂ ತೆಲುಗಿನಲ್ಲೇ ಬೈದು ನೋಡಿದರು. ಅದು ಕದಲಲಿಲ್ಲ. ಮನೆಯವರೆಲ್ಲ ಹೊಸಿಲು ಎಡವುತ್ತಾರೆಂದು ಹೆದರಿದ್ದರೆ, ಆ ಎತ್ತರದ ಹೊಸಿಲನ್ನು ಮಾತ್ರ ಅವರು ಸಲೀಸಾಗಿ ದಾಟುತ್ತಿದ್ದರು. ಇದನ್ನು ಗಮನಿಸಿದವರು ದೊಡ್ಡಮ್ಮ. ಮರುದಿನ ಬೆಳಗ್ಗೆ ರಂಗೋಲಿ ಬಟ್ಟಲು ಹಿಡಿದು ಜಗಲಿಯಿಂದ ದನದ ಕೊಟ್ಟಿಗೆಯವರೆಗೆ ಹೆಜ್ಜೆಗೊಂದರಂತೆ ಅಡ್ಡಗೆರೆ ಎಳೆದರು. “ಒಂದೊಂದೂ ಹೊಸಿಲು ಅಂದ್ಕೊಳ್ಳಿ, ದಾಟಿ ಬನ್ನಿ.” ದೊಡ್ಡಪ್ಪ ದಾಟಿಕೊಂಡು ಹೋದರು! ಹೋಗಿ, ಆ ದುಬಾರಿ ಎತ್ತುಗಳ ಬೆನ್ನು ಸವರಿ ಬಂದರು. ದಾರಿಹೋಕರು ಯಾವ ವ್ರತವಮ್ಮ ಇದು ಎಂದು ಕೇಳುತ್ತಿದ್ದರು. ದೊಡ್ಡಮ್ಮ ಯಾವುದೋ ಒಂದು ದೇವರ ಹೆಸರು ಹೇಳಿ ಸಾಗಹಾಕುತ್ತಿದ್ದರು. ತಾನಾಗಿ ಹೊರಡಬೇಕಾದ ಹೆಜ್ಜೆಯ ದಾರಿ ಕಟ್ಟಿಹೋದಾಗ, ಕಣ್ಣು ಕಂಡ ಗೆರೆ ಮೆದುಳಿನಲ್ಲಿ ಇನ್ನೊಂದು ದಾರಿ ಹಿಡಿದು ಕಾಲನ್ನು ಎತ್ತಿಸುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ದೊಡ್ಡಮ್ಮನಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ರಂಗೋಲಿ ಪುಡಿಯ ಖರ್ಚು ಹೆಚ್ಚಾಯಿತೆಂಬುದೇ ಅವರ ವರದಿ.

ಗೆರೆ ಮಾಡುವ ಕೆಲಸವನ್ನು ಸದ್ದೂ ಮಾಡುತ್ತದೆ. ಮಾಲೂರಿನ ನೆಂಟರ ಮನೆಗೆ ಹೋಗಿದ್ದಾಗ ಕರಗ ನೋಡಲು ದೊಡ್ಡಪ್ಪನನ್ನು ಕೈಹಿಡಿದು ಕರೆದೊಯ್ದೆವು. ತಮಟೆ ಹತ್ತಿರವಾದದ್ದೇ ತಡ, ನಮ್ಮ ಕೈ ಬಿಡಿಸಿಕೊಂಡು ಲಯಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತ ಮುಂದೆ ಹೋದರು. ಎದುರಿಗೆ ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯ ಕರಗವನ್ನು ಕೈಯಲ್ಲಿ ಮುಟ್ಟದೆ ತಲೆಯ ಮೇಲೆ ಹೊತ್ತು ಬರುತ್ತಿದ್ದವರ ಒಳಕಿವಿ, ಕತ್ತಿನ ಸ್ನಾಯು, ಅನುಮಸ್ತಿಷ್ಕಗಳು ಕ್ಷಣಕ್ಷಣಕ್ಕೂ ಪರಸ್ಪರ ವಿಚಾರಿಸಿಕೊಂಡು ತೂಕ ಸರಿಪಡಿಸುತ್ತಿದ್ದವು. ಜನ ಅವರಿಗೆ ಕೈಮುಗಿದರು. ನಾನು ನೋಡಿದ್ದು ದೊಡ್ಡಪ್ಪನ ಪಾದಗಳನ್ನು. ತಮಟೆ ಬೀದಿಯ ತಿರುವು ದಾಟಿತು, ದೊಡ್ಡಪ್ಪ ನಿಂತಲ್ಲೇ ನಿಂತರು.

ಔಷಧಿಯ ಕಥೆ ಇನ್ನೂ ತಮಾಷೆ. ಬೇಲಿಯ ನಸುಗುನ್ನಿ ಕಾಯಿಯ ರೋಮವನ್ನು ಮೇಷ್ಟರ ಕುರ್ಚಿಗೆ ಸವರಿ ಅವರನ್ನು ತರಗತಿಯ ತುಂಬ ಕುಣಿಸುತ್ತಿದ್ದ ಹುಡುಗರ ಗುಂಪಿನಲ್ಲಿ ನಾವಿದ್ದೆವು. ಅದೇ ಕಾಯಿಯ ಬೀಜದಿಂದ 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಎಲ್-ಡೋಪಾ ಬೇರ್ಪಡಿಸಿದ್ದರು. ಮೆದುಳು ಡೋಪಮೈನ್ ಮಾಡಿಕೊಳ್ಳುವುದು ಅದರಿಂದಲೇ. 1960ರ ದಶಕದಲ್ಲಿ ಅದು ಪಾರ್ಕಿನ್ಸನ್ ಕಾಯಿಲೆಗೆ ಮದ್ದಾಯಿತು. ದೊಡ್ಡಪ್ಪ ನುಂಗುತ್ತಿದ್ದ ಮಾತ್ರೆಯಲ್ಲೂ ಇದ್ದದ್ದು ಅದೇ. ಕೆಲವು ವರ್ಷ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಗುಳಿಗೆಯ ಗಂಟೆಗಳು ಹತ್ತಿರ ಹತ್ತಿರವಾದವು.

ಈಗ ಅದೇ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರ ಮೆದುಳು ಹೇಗೆ ಮುಪ್ಪಾಗುತ್ತದೆಂದು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. 10,000 ಜನರನ್ನು ಸೇರಿಸಿಕೊಳ್ಳುವ ಗುರಿ. ದೊಡ್ಡಪ್ಪ ಅಷ್ಟರವರೆಗೆ ಇರಲಿಲ್ಲ. ಇದ್ದಿದ್ದರೆ ಬೆಂಗಳೂರಿಗೆ ಪುಕ್ಕಟೆ ಪ್ರಯಾಣವೆಂದು ಮೊದಲು ಹೆಸರು ಬರೆಸುತ್ತಿದ್ದರು.

ನನಗೂ ವಯಸ್ಸಾಯಿತು. ಕೋಲಾರದ ಬಸ್ ನಿಲ್ದಾಣದಲ್ಲಿ ಕಾಯುವಾಗ ತೊಡೆಯ ಮೇಲಿನ ಬಲಗೈಯನ್ನು ಕದ್ದು ನೋಡುತ್ತೇನೆ. ಹಾಗೆ ಪಟ್ಟಾಗಿ ನೋಡಿದರೆ ಯಾರ ಕೈಯಾದರೂ ಕೊಂಚ ಅಲುಗಿದಂತೆಯೇ ಕಾಣುತ್ತದೆ. ಒಮ್ಮೆ ದಿಗಿಲಾಗಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

“ಸುಮ್ನೆ ಕೂರಿಸಿದ್ರೆ ಎಲ್ಲಾ ಕೈನೂ ಅಲ್ಲಾಡ್ತಾವೆ. ತೋಟದಲ್ಲಿ ಮಾವಿನಕಾಯಿ ಕೀಳೋಕೆ ಆಳೇ ಸಿಕ್ತಾ ಇಲ್ಲ. ಮೊದಲ ಬಸ್ಸಿಗೇ ಬಾ.”