ಚಾಮುಂಡಿಬೆಟ್ಟಕ್ಕೆ ಬೈಸಿಕಲ್ಲಿನಲ್ಲಿ

ಎರಡು ವರ್ಷಗಳ ಹಿಂದೆ ಆಷಾಢದ ಒಂದು ಶುಕ್ರವಾರ ವೃದ್ಧರಾದ ತಾಯಿಯವರೊಡನೆ ಮೈಸೂರಿನ ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಹತ್ತಹೊರಟೆನು. ಸುಮಾರು ಸಾವಿರ ಮೆಟ್ಟಿಲುಗಳ ಆ ದಾರಿಯಲ್ಲಿ, ಏಳುನೂರನೆಯದರ ಸಮೀಪ, ದೊಡ್ಡದೇವರಾಜ ಒಡೆಯರ ಕಾಲದ ಏಕಶಿಲಾ ನಂದಿಯು ಮಲಗಿದೆ. ತಾಯಿಯವರು ಮೊದಲೇ ಅಲ್ಲಿಗೆ ತಲುಪಿ, ಏದುಸಿರು ಬಿಡುತ್ತ ಬರುತ್ತಿದ್ದ ನನಗಾಗಿ ಕಾದು ಕುಳಿತಿದ್ದರು. ಏನೂ ಹೇಳಲಿಲ್ಲ; ನೀರಿನ ಚೆಂಬನ್ನು ಮಾತ್ರ ನನ್ನ ಮುಂದಕ್ಕೆ ಸರಿಸಿದರು.

ಆ ವಾರವೇ ವೈದ್ಯರಲ್ಲಿಗೆ ಹೋದೆನು. ತೂಕ 94 ಕಿಲೋಗ್ರಾಂ; ರಕ್ತದಲ್ಲಿ ಸಕ್ಕರೆಯೂ ಏರತೊಡಗಿತ್ತು. ತಂದೆಯವರನ್ನು ಮಧುಮೇಹವೇ ಕೊಂಡೊಯ್ದುದರಿಂದ ಎದೆ ನಡುಗಿತು. ವೈದ್ಯರು ಬೈಸಿಕಲ್ಲನ್ನು ಸೂಚಿಸಿದರು. ಓಡುವವನ ಭಾರವೆಲ್ಲ ಮೊಣಕಾಲುಗಳ ಮೇಲೆ ಬೀಳುತ್ತದೆ; ಸವಾರನ ಭಾರದ ಬಹುಪಾಲನ್ನು ಆಸನವೇ ಹೊರುತ್ತದೆ. ತುಳಿಗಾಲು ಕೆಳಗಿಳಿದಾಗ ಮೊಣಕಾಲು ಕೊಂಚವೇ ಬಾಗಿರುವಂತೆ ಆಸನವನ್ನು ಎತ್ತರಿಸಿಕೊಳ್ಳಬೇಕು. ವಾರಕ್ಕೆ 150 ನಿಮಿಷಗಳ ಸಾಧಾರಣ ವ್ಯಾಯಾಮವಾದರೂ ವಯಸ್ಕರಿಗೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಪ್ರತಿ ಪ್ರಾತಃಕಾಲ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗಿಬರತೊಡಗಿದೆನು. ಮೊದಲ ತಿಂಗಳು ತೂಕವು ಅಲುಗಲಿಲ್ಲ. ಕಾರಣ ಗುಟ್ಟಲ್ಲ: ಹಿಂದಿರುಗುವಾಗ ಎರಡು ಮಸಾಲೆದೋಸೆಗಳ ಸಮಾರಾಧನೆ ನಡೆಯುತ್ತಿತ್ತು! ಒಂದು ಕಿಲೋಗ್ರಾಂ ಕೊಬ್ಬು ಕರಗಲು ಸುಮಾರು 7,700 ಕಿಲೋಕ್ಯಾಲೊರಿಗಳಷ್ಟು ಶಕ್ತಿ ವ್ಯಯವಾಗಬೇಕು. ಅರ್ಧಗಂಟೆಯ ತುಳಿತದ ಗಳಿಕೆಯನ್ನು ನಾಲಗೆ ಹತ್ತು ನಿಮಿಷದಲ್ಲಿ ಕಳೆದುಬಿಡುತ್ತದೆ. ದೋಸೆಯು ಭಾನುವಾರಕ್ಕೆ ಸೀಮಿತವಾದ ಮೇಲೆಯೇ ತೂಕ ಮೆಲ್ಲಮೆಲ್ಲನೆ ಇಳಿಯತೊಡಗಿತು.

ಆರನೆಯ ತಿಂಗಳಲ್ಲಿ ಬೆಟ್ಟದ ರಸ್ತೆಯನ್ನು ಹಿಡಿದೆನು. ಮೊದಲ ದಿನ ಎರಡನೆಯ ತಿರುವಿನಲ್ಲಿಯೇ ಇಳಿದು ಗಾಡಿಯನ್ನು ತಳ್ಳಬೇಕಾಯಿತು. ಅವಸರಪಡದೆ, ಹಗುರವಾದ ಗೇರಿನಲ್ಲಿ, ಮಾತನಾಡಲಾಗುವಷ್ಟು ಉಸಿರನ್ನು ಉಳಿಸಿಕೊಂಡು ತುಳಿಯುವುದನ್ನು ಕ್ರಮೇಣ ಕಲಿತೆನು. ಮೇಲೇರಿದಂತೆ ಗಾಳಿ ತಂಪಾಗುವುದು. ಕೆಳಗೆ ಮಂಜಿನ ನಡುವೆ ಲಲಿತಮಹಲಿನ ಬಿಳಿಯ ಗುಮ್ಮಟವೂ ಕಾರಂಜಿಕೆರೆಯ ನೀರೂ ಮೆಲ್ಲನೆ ಮೈದೋರುವುವು. ಇಳಿಯುವಾಗ ಮಾತ್ರ ಎಚ್ಚರವಿರಲಿ: ಎರಡು ಬ್ರೇಕುಗಳೂ ಸುಸ್ಥಿತಿಯಲ್ಲಿರಬೇಕು, ತಲೆಗೆ ಶಿರಸ್ತ್ರಾಣವಿರಬೇಕು, ತಿರುವಿನಲ್ಲಿ ಕೋತಿಗಳು ಧುತ್ತೆಂದು ಎದುರಾಗುವುದುಂಟು.

ಈಗ ನನ್ನ ತೂಕ 83. ಸಕ್ಕರೆಯೂ ಹತೋಟಿಯಲ್ಲಿದೆ. ಆದರೆ ತಾಯಿಯವರ ಕಾಲುಗಳು ಈ ವರ್ಷ ಸೋತಿವೆ. ಕಳೆದ ಶ್ರಾವಣದ ಒಂದು ಬೆಳಗ್ಗೆ ಎಲ್ಲಿಯೂ ಇಳಿಯದೆ ಬೆಟ್ಟವನ್ನೇರಿ, ದೇವಿಯ ಕುಂಕುಮವನ್ನು ತಂದು ಅವರ ಕೈಗಿತ್ತೆನು. “ನಂದಿಯ ಬಳಿ ಕೂತೆಯಾ?” ಎಂದರು. “ಇಲ್ಲಮ್ಮ” ಎಂದೆ. ಅವರು ನಕ್ಕು, ಆ ಕುಂಕುಮವನ್ನು ಮೊದಲು ನನ್ನ ಹಣೆಗೇ ಇಟ್ಟರು.